ಅಮೆರಿಕದ ಪ್ರೂಫ್ ಸೆಟ್ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೂಫ್ ಸೆಟ್ (ಸಂಗ್ರಾಹಕರಿಗೆಂದೇ ಟಂಕಸಾಲೆ ವಿಶೇಷವಾಗಿ ಮಾಡಿ ಒಟ್ಟಿಗೆ ಮಾರುವ ನಾಣ್ಯಗಳು) ಕೂಡಿಡಲು ಶುರು ಮಾಡಿದವರು ಮೊದಲು ಕೇಳುವುದು ಯಾವ ವರ್ಷದ ಸೆಟ್‌ಗೆ ಬೆಲೆ ಜಾಸ್ತಿ ಅಂತ. ಆದರೆ ಇಲ್ಲಿ ವರ್ಷಕ್ಕಿಂತ ಮುಖ್ಯವಾದ ಮಾತೊಂದಿದೆ. ಅಮೆರಿಕದ ಆಧುನಿಕ ನಾಣ್ಯಗಳಲ್ಲಿ ಅತಿ ಅಪರೂಪದವು ಕೆಲವು ಬಂದಿದ್ದು ಯಾರು ಬೇಕಾದರೂ ಅಂಚೆಯಲ್ಲಿ ತರಿಸಿಕೊಳ್ಳಬಹುದಾಗಿದ್ದ ಸಾಮಾನ್ಯ ಸೆಟ್‌ಗಳ ಒಳಗೆ. ಹೊರಗಿನ ಪೆಟ್ಟಿಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಳಗಿನ ಒಂದೊಂದು ನಾಣ್ಯವನ್ನೂ ನೋಡಬೇಕು. ನನಗೆ ಹೆಚ್ಚಾಗಿ ಬರುವ ಪ್ರಶ್ನೆಗಳಿಗೆ ಗೊತ್ತಿರುವ ಮಟ್ಟಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರೂಫ್ ಅಂದರೆ ತುಂಬಾ ಚೆನ್ನಾಗಿ ಉಳಿದಿರುವ ನಾಣ್ಯ ಅಂತಾನಾ?

ಅಲ್ಲ. ಪ್ರೂಫ್ ಅನ್ನುವುದು ನಾಣ್ಯ ತಯಾರಿಸುವ ವಿಧಾನ. ಅದು ನಾಣ್ಯದ ಸ್ಥಿತಿಯ ಹೆಸರಲ್ಲ. ಅಚ್ಚನ್ನು ಹೊಳಪು ಬರುವ ಹಾಗೆ ತಿಕ್ಕಿರುತ್ತಾರೆ. ನಾಣ್ಯವಾಗುವ ಲೋಹದ ಬಿಲ್ಲೆಯನ್ನೂ ಬೇರೆಯಾಗಿ ಸಿದ್ಧ ಮಾಡಿರುತ್ತಾರೆ. ಆಮೇಲೆ ಹೆಚ್ಚಿನ ಒತ್ತಡದಲ್ಲಿ, ನಿಧಾನವಾಗಿ, ಕಡಿಮೆ ಅಂದರೆ ಎರಡು ಸಲ ಅಚ್ಚೊತ್ತುತ್ತಾರೆ. ಅದರಿಂದಲೇ ಚಿತ್ರ, ಅಕ್ಷರ ಇಲ್ಲದ ಬಯಲು ಭಾಗ ಕನ್ನಡಿಯಂತೆ ಹೊಳೆಯುತ್ತದೆ, ಅಕ್ಷರಗಳ ಅಂಚು ಕೊರೆದ ಹಾಗೆ ಚೂಪಾಗಿರುತ್ತದೆ.

ಯಾರೋ ಮಗುವಿನ ಕೈಗೆ ಕೊಟ್ಟು, ಅದು ಅಂಗಡಿಯಲ್ಲಿ ಖರ್ಚಾಗಿ, ಹತ್ತು ಜನರ ಜೇಬು ಸುತ್ತಿ ಬಂದರೂ ಪ್ರೂಫ್ ನಾಣ್ಯ ಪ್ರೂಫೇ. ಗ್ರೇಡ್, ಅಂದರೆ ಸ್ಥಿತಿಗೆ ಕೊಡುವ ಅಂಕ, ಮಾತ್ರ ಕೆಳಗಿಳಿಯುತ್ತದೆ.

ಆಧುನಿಕ ಸೆಟ್‌ಗಳು ಯಾವ ವರ್ಷದಿಂದ ಅಂತ ಲೆಕ್ಕ?

ಸಾಮಾನ್ಯವಾಗಿ 1936ರಿಂದ. ಆ ವರ್ಷದಿಂದ 1942ರವರೆಗೆ ಫಿಲಡೆಲ್ಫಿಯಾ ಟಂಕಸಾಲೆ ಪ್ರೂಫ್ ನಾಣ್ಯಗಳನ್ನು ಮಾಡಿ ಮಾರಿತು. ಬಿಡಿಯಾಗಿಯೂ ಕೊಳ್ಳಬಹುದಿತ್ತು. 1936ರಲ್ಲಿ ಕ್ವಾರ್ಟರ್ (25 ಸೆಂಟ್ ನಾಣ್ಯ) ಮಾಡಿದ್ದು ಬರೀ 3,837. ಅಂದರೆ ಪೂರ್ತಿ ಸೆಟ್ ಅದಕ್ಕಿಂತ ಜಾಸ್ತಿ ಇರಲು ಸಾಧ್ಯವೇ ಇಲ್ಲ. ಯುದ್ಧದ ಕಾಲದಲ್ಲಿ ಕೆಲಸ ನಿಂತಿತು. 1950ರಲ್ಲಿ ಮತ್ತೆ ಶುರುವಾಯಿತು. ಆ ವರ್ಷ ಮಾರಾಟವಾಗಿದ್ದು 51,386 ಸೆಟ್, ಒಂದಕ್ಕೆ 2 ಡಾಲರ್ 10 ಸೆಂಟ್. 1964ರ ಹೊತ್ತಿಗೆ ಅದೇ ಬೆಲೆಗೆ 39,50,762 ಸೆಟ್ ಹೋದವು. ಹದಿನಾಲ್ಕು ವರ್ಷದಲ್ಲಿ ಈ ಹುಚ್ಚು ಎಷ್ಟು ಹಬ್ಬಿತು ಅನ್ನುವುದಕ್ಕೆ ಈ ಎರಡು ಅಂಕಿ ಸಾಕು.

1965, 1966, 1967ರ ಪ್ರೂಫ್ ಸೆಟ್ ಎಲ್ಲೂ ಸಿಗ್ತಿಲ್ಲವಲ್ಲ?

ಮಾಡಿದ್ದರೆ ತಾನೇ ಸಿಗುವುದು! ದೇಶದಲ್ಲಿ ಚಿಲ್ಲರೆಗೆ ವಿಪರೀತ ಕೊರತೆ ಇತ್ತು. ಸಂಗ್ರಾಹಕರು ನಾಣ್ಯ ಕೂಡಿಡುತ್ತಿರುವುದೂ ಒಂದು ಕಾರಣ ಅಂತ ಸರ್ಕಾರ ತೀರ್ಮಾನಿಸಿತು. ಹಾಗಾಗಿ ಪ್ರೂಫ್ ನಿಲ್ಲಿಸಿ, ಮಿಂಟ್ ಮಾರ್ಕ್ (ಯಾವ ಟಂಕಸಾಲೆಯದ್ದು ಅಂತ ತೋರಿಸುವ ಪುಟ್ಟ ಅಕ್ಷರ) ಕೂಡ ತೆಗೆದುಹಾಕಿದರು. ಆ ಮೂರು ವರ್ಷ ಬಂದಿದ್ದು ಸ್ಪೆಷಲ್ ಮಿಂಟ್ ಸೆಟ್. ಮಾಮೂಲಿ ನಾಣ್ಯಕ್ಕಿಂತ ಚೆಂದ, ಆದರೆ ಪ್ರೂಫ್ ಅಲ್ಲ. ಪ್ರೂಫ್ ಅಂತ ಹೇಳಿ ಯಾರಾದರೂ ಮಾರಿದರೆ ನಂಬಬೇಡಿ.

ಆದರೂ ಆ ಸೆಟ್‌ಗಳನ್ನು ನೋಡದೆ ಬಿಡಬೇಡಿ. 1966ರ ಕೆನಡಿ ಹಾಫ್ ಡಾಲರ್‌ನ ಹದ್ದಿನ ಬಾಲದ ಪಕ್ಕದಲ್ಲಿ ಎಫ್‌ಜಿ ಅನ್ನುವ ಪುಟ್ಟ ಅಕ್ಷರಗಳಿರಬೇಕು. ಅವು ಆ ಬದಿಯ ಚಿತ್ರ ಮಾಡಿದ ಫ್ರಾಂಕ್ ಗ್ಯಾಸ್ಪಾರೋ ಅವರ ಹೆಸರಿನವು. ಅಚ್ಚನ್ನು ಅತಿಯಾಗಿ ತಿಕ್ಕಿದ್ದರಿಂದ ಕೆಲವು ನಾಣ್ಯಗಳಲ್ಲಿ ಅವು ಮಾಯವಾಗಿವೆ.

ಎಸ್ ಇಲ್ಲದ ನಾಣ್ಯ ಅಂತ ಎಲ್ಲರೂ ಮಾತಾಡ್ತಾರೆ. ಏನದು?

ಈ ಹವ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ ಇದು. ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

1968ರಲ್ಲಿ ಪ್ರೂಫ್ ಮತ್ತೆ ಶುರುವಾದಾಗ ಕೆಲಸ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ಅಲ್ಲಿ ಮಾಡಿದ್ದು ಅಂತ ಗುರುತಿಗೆ ನಾಣ್ಯದ ಮೇಲೆ ಪುಟ್ಟದೊಂದು ಎಸ್ ಅಕ್ಷರ. ಆದರೆ ಅಚ್ಚುಗಳು ತಯಾರಾಗುತ್ತಿದ್ದದ್ದು ದೇಶದ ಇನ್ನೊಂದು ತುದಿಯ ಫಿಲಡೆಲ್ಫಿಯಾದಲ್ಲಿ. ಅಲ್ಲಿ ಕೆಲಸಗಾರರು ಒಂದೊಂದು ಅಚ್ಚಿನ ಮೇಲೂ ಪಂಚ್ (ಅಕ್ಷರ ಮೂಡಿಸುವ ಉಳಿಯಂಥ ಉಪಕರಣ) ಇಟ್ಟು ಕೈಯಿಂದಲೇ ಎಸ್ ಹೊಡೆಯುತ್ತಿದ್ದರು. ಸಾವಿರಾರು ಅಚ್ಚುಗಳ ನಡುವೆ ಯಾವುದೋ ಒಂದಕ್ಕೆ ಎಸ್ ಹೊಡೆಯುವುದು ಮರೆತು ಹೋಗುತ್ತಿತ್ತು. ಆ ಅಚ್ಚು ಸ್ಯಾನ್ ಫ್ರಾನ್ಸಿಸ್ಕೋ ತಲುಪಿ, ಯಾರ ಕಣ್ಣಿಗೂ ಬೀಳದೆ ನಾಣ್ಯ ಹೊಡೆಯುತ್ತಿತ್ತು. ಆ ನಾಣ್ಯಗಳು ಸೆಟ್‌ಗಳ ಒಳಗೆ ಸೇರಿ ಮನೆಮನೆಗೆ ಹೋದವು.

ನೋಡಬೇಕಾದವು ಇವು: 1968ರ ಡೈಮ್ (10 ಸೆಂಟ್ ನಾಣ್ಯ), 1970ರ ಡೈಮ್, 1971ರ ನಿಕ್ಕಲ್ (5 ಸೆಂಟ್ ನಾಣ್ಯ), 1975ರ ಡೈಮ್, 1983ರ ಡೈಮ್, 1990ರ ಸೆಂಟ್.

1970ರದ್ದು ಸುಮಾರು 2,200 ಹೊರಗೆ ಹೋಗಿರಬಹುದು, 1971ರದ್ದು 1,655 ಅಂತ ಟಂಕಸಾಲೆಯೇ ಅಂದಾಜು ಕೊಟ್ಟಿತ್ತು. 1968ರ ಡೈಮ್ ಇವೆರಡಕ್ಕಿಂತ ಎಷ್ಟೋ ಅಪರೂಪ.

1985ರಿಂದ ಪ್ರೂಫ್ ನಾಣ್ಯಗಳಿಗೆ ಮೂಲ ಮಾದರಿಯಲ್ಲೇ ಎಸ್ ಸೇರಿಸಿದರು. ಇನ್ನು ಕೈತಪ್ಪಿಗೆ ಜಾಗವೇ ಇಲ್ಲ ಅಂತ ಎಲ್ಲರೂ ಅಂದುಕೊಂಡರು. ಆದರೂ 1990ರಲ್ಲಿ ಎಸ್ ಇಲ್ಲದ ಸೆಂಟ್ ಬಂತು! ಅದರ ಕಾರಣ ಬೇರೆ. ಫಿಲಡೆಲ್ಫಿಯಾದಲ್ಲಿ ಆಗ ಚಲಾವಣೆಗೆ ಮಾಡುತ್ತಿದ್ದ ಸೆಂಟ್‌ಗೆ ಯಾವ ಮಿಂಟ್ ಮಾರ್ಕೂ ಇರುತ್ತಿರಲಿಲ್ಲ. ಅಂಥ ಒಂದು ಅಚ್ಚು ಅಪ್ಪಿತಪ್ಪಿ ಪ್ರೂಫ್ ಅಚ್ಚುಗಳ ಜೊತೆ ಸೇರಿಕೊಂಡು, ಹೊಳಪು ಪಡೆದು, ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ಸುಮಾರು 3,700 ನಾಣ್ಯ ಹೊಡೆದಿದ್ದು, ಟಂಕಸಾಲೆಯಲ್ಲೇ ಉಳಿದಿದ್ದ 145 ಸಿಕ್ಕಿ ನಾಶವಾದವು. ಉಳಿದವು ಸುಮಾರು 3,555. ಆ ವರ್ಷದ ಮಾಮೂಲಿ ಸೆಟ್‌ನಲ್ಲೂ ಸಿಗಬಹುದು, ದುಬಾರಿಯ ಪ್ರೆಸ್ಟೀಜ್ ಸೆಟ್‌ನಲ್ಲೂ ಸಿಗಬಹುದು.

1975ರ ಡೈಮ್‌ಗೆ ಅಷ್ಟೊಂದು ಬೆಲೆ ಯಾಕೆ?

ಇಡೀ ಜಗತ್ತಿನಲ್ಲಿ ಗೊತ್ತಿರುವುದು ಎರಡೇ ಎರಡು, ಅದಕ್ಕೆ. ಎರಡೂ ಸಿಕ್ಕಿದ್ದು ಮಾಮೂಲಿ ಸೆಟ್‌ಗಳಲ್ಲಿ. ಆಗ ಒಂದು ಸೆಟ್‌ಗೆ 7 ಡಾಲರ್. ಅವುಗಳಲ್ಲಿ ಒಂದನ್ನು 1978ರಲ್ಲಿ 18,200 ಡಾಲರ್ ಕೊಟ್ಟು ಕೊಂಡ ಕುಟುಂಬವೊಂದು ನಾಲ್ಕು ದಶಕಕ್ಕೂ ಜಾಸ್ತಿ ಬ್ಯಾಂಕಿನಲ್ಲಿ ಭದ್ರವಾಗಿ ಇಟ್ಟಿತ್ತು. 2024ರ ಅಕ್ಟೋಬರ್‌ನಲ್ಲಿ ಅದು ಹರಾಜಿಗೆ ಬಂದು 5,06,250 ಡಾಲರ್‌ಗೆ ಹೋಯಿತು. ಇನ್ನೊಂದು 2019ರಲ್ಲಿ 4,56,000 ಡಾಲರ್‌ಗೆ ಮಾರಾಟವಾಗಿತ್ತು.

ಮೂರನೆಯದು ಎಲ್ಲಾದರೂ ಇದೆಯಾ? ಆ ವರ್ಷದ ಸೆಟ್ ಕೈಗೆ ಬಂದಾಗಲೆಲ್ಲ ನಾನು ಮೊದಲು ಡೈಮ್ ನೋಡ್ತೀನಿ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿಲ್ಲ. ನೋಡೋದನ್ನು ಬಿಟ್ಟಿಲ್ಲ.

ನನ್ನ 1975ರ ಸೆಟ್‌ನಲ್ಲಿ ಕ್ವಾರ್ಟರ್ ಮೇಲೆ 1776–1976 ಅಂತ ಇದೆ. ಯಾರೋ ನಾಣ್ಯ ಬದಲಾಯಿಸಿದ್ದಾರಾ?

ಇಲ್ಲ, ಸರಿಯಾಗಿಯೇ ಇದೆ. ಸ್ವಾತಂತ್ರ್ಯದ ಇನ್ನೂರನೇ ವರ್ಷಕ್ಕೆಂದು ಕ್ವಾರ್ಟರ್, ಹಾಫ್ ಮತ್ತು ಡಾಲರ್‌ಗಳಿಗೆ ಎರಡು ಇಸವಿ ಹಾಕಿದ್ದರು. 1975ರ ಸೆಟ್‌ನಲ್ಲೂ ಅವೇ ಬಂದವು. ಸೆಂಟ್, ನಿಕ್ಕಲ್, ಡೈಮ್ ಮೇಲೆ ಮಾತ್ರ 1975 ಅಂತ ಇರುತ್ತದೆ. ಐಸೆನ್‌ಹೋವರ್ ಡಾಲರ್ ಹಿಂಬದಿಯ ಅಕ್ಷರ ನೋಡಿ. 1975ರ ಸೆಟ್‌ನದ್ದರಲ್ಲಿ ದಪ್ಪ, 1976ರ ಸೆಟ್‌ನದ್ದರಲ್ಲಿ ತೆಳ್ಳಗೆ. ಇದರಿಂದ ಡಾಲರ್ ಅದಲುಬದಲಾಗಿದೆಯಾ ಅಂತಲೂ ತಿಳಿಯುತ್ತದೆ.

ಎಸ್ ಎಲ್ಲಿರುತ್ತೆ ಅಂತಲೇ ಗೊತ್ತಾಗ್ತಿಲ್ಲ.

1968ರಿಂದ ಆ ಕಾಲದ ಎಲ್ಲ ನಾಣ್ಯಗಳಲ್ಲೂ ಅದು ತಲೆ ಇರುವ ಬದಿಗೆ ಬಂದಿದೆ. ಸೆಂಟ್‌ನಲ್ಲಿ ಇಸವಿಯ ಕೆಳಗೆ. ಡೈಮ್‌ನಲ್ಲಿ ಇಸವಿಯ ಮೇಲೆ. ಆ ಕಾಲದ ನಿಕ್ಕಲ್‌ನಲ್ಲಿ ಬಲಗಡೆ ಅಂಚಿನ ಹತ್ತಿರ, ಇಸವಿ ಮುಗಿದ ಮೇಲೆ. ವಾಷಿಂಗ್ಟನ್ ಕ್ವಾರ್ಟರ್‌ನಲ್ಲಿ ಜಡೆಯ ರಿಬ್ಬನ್ ಪಕ್ಕ. ಕೆನಡಿ ಹಾಫ್‌ನಲ್ಲಿ ಕತ್ತಿನ ಕೆಳಗೆ, ಇಸವಿಯ ಮೇಲೆ. 1964ರವರೆಗಿನ ಪ್ರೂಫ್‌ಗಳಲ್ಲಿ ಎಸ್ ಹುಡುಕಬೇಡಿ. ಅವೆಲ್ಲ ಫಿಲಡೆಲ್ಫಿಯಾದವು, ಮಿಂಟ್ ಮಾರ್ಕ್ ಇರುವುದೇ ಇಲ್ಲ. ಒಂದೇ ಒಂದು ಅಪವಾದ 1942ರ ಬೆಳ್ಳಿ ಬೆರೆಸಿದ ನಿಕ್ಕಲ್. ಅದರ ಹಿಂಬದಿಯಲ್ಲಿ ಕಟ್ಟಡದ ಮೇಲೆ ದೊಡ್ಡ ಪಿ ಇರುತ್ತದೆ.

1979ರ ಟೈಪ್ 1, ಟೈಪ್ 2 ಅಂದರೇನು?

ಎಸ್ ಹೊಡೆಯುವ ಪಂಚ್ ಸವೆದು ಹೋಗಿತ್ತು. ಅದರಿಂದ ಬಿದ್ದ ಎಸ್, ಅಕ್ಷರದ ಹಾಗೆ ಕಾಣುವುದಿಲ್ಲ. ಒಳಗಿನ ಎರಡೂ ಬಾಯಿ ಮುಚ್ಚಿಕೊಂಡು ಒಂದು ಪುಟ್ಟ ಲೋಹದ ಉಂಡೆಯ ಹಾಗಿರುತ್ತದೆ. ಇದು ಟೈಪ್ 1. ವರ್ಷದ ಮಧ್ಯೆ ಹೊಸ ಪಂಚ್ ಬಂತು. ಅದರ ಎಸ್ ಬಿಡಿಸಿಟ್ಟ ಹಾಗೆ ಸ್ಪಷ್ಟ. ಇದು ಟೈಪ್ 2. ಮೊದಲನೆಯದೇ ಹೆಚ್ಚು, ಎರಡನೆಯದು ಕಡಿಮೆ.

ಇಲ್ಲಿ ಎಡವುವುದು ಸುಲಭ. ಆ ವರ್ಷದ ಸೆಟ್‌ನಲ್ಲಿ ಆರು ನಾಣ್ಯ. ಸೂಸನ್ ಆಂಟನಿ ಡಾಲರ್ ಸೇರಿ. ಟೈಪ್ 2 ಸೆಟ್ ಅಂತ ಕರೆಯಬೇಕಾದರೆ ಆರಕ್ಕೆ ಆರೂ ಟೈಪ್ 2 ಆಗಿರಬೇಕು. ನಾಣ್ಯಗಳನ್ನು ಪೆಟ್ಟಿಗೆಗೆ ತುಂಬುವಾಗ ಇಂಥ ಎಸ್, ಅಂಥ ಎಸ್ ಅಂತ ಯಾರೂ ವಿಂಗಡಿಸುತ್ತಿರಲಿಲ್ಲ. ಹಾಗಾಗಿ ಕಲಬೆರಕೆ ಸೆಟ್‌ಗಳು ಇದ್ದೇ ಇವೆ.

ನಾನು ಮೊದಲ ಸಲ ನೋಡಿದ್ದು ಇನ್ನೂ ನೆನಪಿದೆ. ರಾತ್ರಿ ಮೇಜಿನ ದೀಪ ಹತ್ತಿಸಿ, ಪೆಟ್ಟಿಗೆಯನ್ನು ಸ್ವಲ್ಪ ಓರೆ ಹಿಡಿದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪನ್ನು ಕಣ್ಣಿಗೆ ಒತ್ತಿಕೊಂಡೆ. ಡಾಲರ್‌ನ ಎಸ್ ಸ್ಪಷ್ಟವಾಗಿತ್ತು. ಖುಷಿಯಿಂದ ಹಾಫ್‌ಗೆ ಬಂದೆ, ಅದೂ ಸ್ಪಷ್ಟ. ಕ್ವಾರ್ಟರ್, ನಿಕ್ಕಲ್, ಸೆಂಟ್ ಎಲ್ಲ ಸರಿ. ಕೊನೆಗೆ ಡೈಮ್ ನೋಡಿದರೆ, ಸಾಸಿವೆ ಕಾಳು ಅಂಟಿಸಿದ ಹಾಗೆ ಒಂದು ಮೊಂಡು ಚುಕ್ಕೆ! ಐದು ಟೈಪ್ 2, ಒಂದು ಟೈಪ್ 1. ಅವತ್ತಿನಿಂದ ಆರೂ ನೋಡುವ ತನಕ ಬಾಯಿ ಬಿಡುವುದಿಲ್ಲ.

1981ರದ್ದೂ ಹಾಗೇನಾ?

ಅದು ಇನ್ನೂ ಕಷ್ಟ. 1979ರಲ್ಲಿ ಹೊಸದಾಗಿದ್ದ ಪಂಚ್ 1981ರ ಹೊತ್ತಿಗೆ ತಾನೇ ಸವೆದಿತ್ತು. ಅದರಿಂದ ಬಿದ್ದದ್ದು 1981ರ ಟೈಪ್ 1. ಆಮೇಲೆ ಮತ್ತೊಂದು ಹೊಸ ಪಂಚ್ ತಂದರು, ಅದು ಟೈಪ್ 2. ಅಂದರೆ 1979ರ ಟೈಪ್ 2 ಮತ್ತು 1981ರ ಟೈಪ್ 1 ಒಂದೇ ಪಂಚಿನವು! ಹಾಗಾಗಿ 1981ರ ಟೈಪ್ 1 ಕೂಡ ತಕ್ಕಮಟ್ಟಿಗೆ ಚೆನ್ನಾಗಿಯೇ ಓದಲು ಬರುತ್ತದೆ. ಅಕ್ಷರ ಸ್ಪಷ್ಟವಾಗಿದೆ, ಆದ್ದರಿಂದ ಟೈಪ್ 2 ಅಂತ ಎಷ್ಟೋ ಜನ ಮೋಸ ಹೋಗ್ತಾರೆ. ಹಾಗೆ ಮಾರುವವರೂ ಇದ್ದಾರೆ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರಿಂದ ನಾನೇ ಒಂದು ಸೆಟ್ ತರಿಸಿದ್ದೆ. ಫೋಟೋದಲ್ಲಿ ಚೆನ್ನಾಗಿ ಕಂಡಿತ್ತು. ಬಂದ ಮೇಲೆ ಲೂಪ್ ಇಟ್ಟರೆ ಆರೂ ಟೈಪ್ 1. ದುಡ್ಡು ವಾಪಸ್ ಕೇಳಿದೆ, ಉತ್ತರವೇ ಬರಲಿಲ್ಲ.

ಗುರುತು ಅಕ್ಷರದ ತುದಿಗಳಲ್ಲಿದೆ. 1981ರ ಟೈಪ್ 2 ಎಸ್‌ನ ಎರಡೂ ತುದಿ ಉಬ್ಬಿಕೊಂಡು ಗುಂಡಗಿರುತ್ತವೆ, ಒಳಗಿನ ಜಾಗ ಅಗಲವಾಗಿ ತೆರೆದಿರುತ್ತದೆ. ಒಂದು ಖಚಿತ ಟೈಪ್ 2 ನಾಣ್ಯದ ದೊಡ್ಡ ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡೇ ಹೋಲಿಸಿ. ನೆನಪಿನ ಮೇಲೆ ಹೋಗಬೇಡಿ.

ಎಸ್ ಬಿಟ್ಟರೆ ಬೇರೆ ಏನು ನೋಡಬೇಕು?

ಬೇಕಾದಷ್ಟಿದೆ. ನಾನು ತಪ್ಪದೆ ನೋಡುವ ಕೆಲವನ್ನು ಹೇಳ್ತೀನಿ.

1956ರ ಫ್ರಾಂಕ್ಲಿನ್ ಹಾಫ್‌ನಲ್ಲಿ ಹಿಂಬದಿಯ ಪುಟ್ಟ ಹದ್ದು ಎರಡು ಥರ ಇದೆ. ಆ ವರ್ಷ ಟೈಪ್ 2 ಧಾರಾಳ, ಟೈಪ್ 1 ವಿರಳ. ಕಾಲಿನ ಹತ್ತಿರ ಎಡಗಡೆಯ ಗರಿ ಎಣಿಸಿ. ನಾಲ್ಕಿದ್ದರೆ ಟೈಪ್ 1, ಮೂರಿದ್ದರೆ ಟೈಪ್ 2.

1960ರ ಸೆಂಟ್‌ನಲ್ಲಿ ಇಸವಿಯ ಅಂಕಿ ಎರಡು ಅಳತೆಯಲ್ಲಿವೆ. 6ರ ಬಾಲ ಉದ್ದವಾಗಿ ಮೇಲೆ ಚಾಚಿದ್ದರೆ ದೊಡ್ಡ ಇಸವಿ, ಮೊಟಕಾಗಿದ್ದರೆ ಸಣ್ಣ ಇಸವಿ. ಸಣ್ಣದ್ದೇ ಕಡಿಮೆ. ಒಂದರ ಮೇಲೊಂದು ಬಿದ್ದಿರುವವೂ ಇವೆ. ಅವು ಸಿಕ್ಕರೆ ಹಬ್ಬ.

1964ರ ಕೆನಡಿ ಹಾಫ್ ಬಗ್ಗೆ ಒಂದು ಕಥೆ ಇದೆ. ಮೊದಲ ಅಚ್ಚುಗಳಲ್ಲಿ ಕಿವಿಯ ಮೇಲಿನ ಕೂದಲ ಗೆರೆ ತುಂಬಾ ಗಾಢವಾಗಿತ್ತು, ಅದು ಜಾಕ್ವೆಲಿನ್ ಕೆನಡಿ ಅವರಿಗೆ ಹಿಡಿಸಲಿಲ್ಲ, ಆಮೇಲೆ ಮೆತ್ತಗೆ ಮಾಡಿದರು ಅಂತ ಹೇಳ್ತಾರೆ. ಕಥೆ ಏನೇ ಇರಲಿ, ಆ ಗಾಢ ಕೂದಲಿನ ನಾಣ್ಯಗಳು ಇರುವುದು ನಿಜ. ಒಟ್ಟು ಪ್ರೂಫ್‌ಗಳಲ್ಲಿ ಅವು ಬಹಳ ಸಣ್ಣ ಪಾಲು. ಕೂದಲು ನೋಡಿ ಖಾತ್ರಿಯಾಗದಿದ್ದರೆ ಲಿಬರ್ಟಿ ಪದದ ಐ ಅಕ್ಷರ ನೋಡಿ. ಅದರ ಬುಡದ ಎಡಗಡೆ ಪಾದ ಇಲ್ಲವೇ ಇಲ್ಲ ಅನ್ನುವ ಹಾಗಿರುತ್ತದೆ. ನನ್ನ ಮಟ್ಟಿಗೆ ಕೂದಲಿಗಿಂತ ಈ ಐ ನಂಬಿಕಸ್ಥ ಗುರುತು.

1970ರ ಸೆಂಟ್‌ನಲ್ಲೂ ಸಣ್ಣ ಇಸವಿ ಇದೆ. ಅಲ್ಲಿ 7ರ ತಲೆ ಪಕ್ಕದ ಅಂಕಿಗಳ ತಲೆಗೆ ಸಮ ಇರುತ್ತದೆ, ದೊಡ್ಡ ಇಸವಿಯಲ್ಲಿ ಸ್ವಲ್ಪ ತಗ್ಗಿರುತ್ತದೆ. ಎಸ್ ಇಲ್ಲದ ಡೈಮ್ ಇರಬಹುದಾದ ಸೆಟ್ ಕೂಡ ಇದೇ ವರ್ಷದ್ದು. ಒಂದೇ ಪೆಟ್ಟಿಗೆಯಲ್ಲಿ ಎರಡು ಕೆಲಸ.

1998 ಮತ್ತು 1999ರ ಸೆಂಟ್‌ನ ಹಿಂಬದಿಯಲ್ಲಿ ಅಮೆರಿಕ ಅನ್ನುವ ಪದದ ಮೊದಲ ಎರಡು ಅಕ್ಷರ ನೋಡಿ. ಎ ಮತ್ತು ಎಂ. ಪ್ರೂಫ್‌ಗಳಲ್ಲಿ ಅವುಗಳ ಬುಡದ ನಡುವೆ ಎದ್ದು ಕಾಣುವ ಜಾಗ ಇರಬೇಕು. ಅವು ತಾಗಿಕೊಂಡ ಹಾಗಿದ್ದರೆ, ಚಲಾವಣೆ ನಾಣ್ಯಕ್ಕೆಂದು ಮಾಡಿದ ವಿನ್ಯಾಸ ಪ್ರೂಫ್‌ಗೆ ಬಂದಿದೆ ಅಂತ ಅರ್ಥ. ಈ ಎರಡು ವರ್ಷದ ಸೆಟ್‌ಗಳು ರಾಶಿ ರಾಶಿ ಸಿಗುತ್ತವೆ, ಹೆಚ್ಚಿನವರು ತಿರುಗಿಸಿ ನೋಡುವುದೇ ಇಲ್ಲ.

ಅಕ್ಷರಗಳು ಎರಡೆರಡಾಗಿ ಕಾಣ್ತಿವೆ. ಡಬಲ್ಡ್ ಡೈ ಸಿಕ್ಕಿತು ಅಂತಾನಾ?

ಇರಬಹುದು. ಆದರೆ ಹೆಚ್ಚಿನ ಸಲ ಅಲ್ಲ. ಆಗೆಲ್ಲ ಅಚ್ಚು ತಯಾರಿಸುವಾಗ ಹಬ್ ಅನ್ನುವ ಮೂಲ ಉಪಕರಣವನ್ನು ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಿದ್ದರು. ಎರಡನೇ ಸಲ ಒಂದು ಕೂದಲೆಳೆ ಪಕ್ಕಕ್ಕೆ ಜರುಗಿದರೂ ಅಚ್ಚಿನಲ್ಲೇ ಜೋಡಿ ಗೆರೆ ಮೂಡುತ್ತದೆ. ಆ ಅಚ್ಚಿನಿಂದ ಬಂದ ಪ್ರತಿಯೊಂದು ನಾಣ್ಯದಲ್ಲೂ ಅದೇ ಜೋಡಿ ಇರುತ್ತದೆ. ಇದು ನಿಜವಾದ ಡಬಲ್ಡ್ ಡೈ. 1961ರ ಫ್ರಾಂಕ್ಲಿನ್ ಹಾಫ್‌ನ ಹಿಂಬದಿ ಇದಕ್ಕೆ ಒಳ್ಳೆಯ ಉದಾಹರಣೆ. 1971ರ ಸೆಂಟ್‌ನ ಮುಂಬದಿ ಇನ್ನೊಂದು.

ಇನ್ನೊಂದು ಥರ ಇದೆ. ಅಚ್ಚು ಸರಿಯಾಗಿಯೇ ಇರುತ್ತದೆ, ನಾಣ್ಯ ಹೊಡೆಯುವಾಗ ಅದು ಸಡಿಲವಾಗಿ ಅದುರುತ್ತದೆ. ಆಗ ಅಕ್ಷರದ ಒಂದು ಬದಿ ತಟ್ಟಿದ ಹಾಗೆ ಚಪ್ಪಟೆಯಾಗಿ ಮೆಟ್ಟಿಲಿನಂತೆ ಕಾಣುತ್ತದೆ. ಅಕ್ಷರ ಅಗಲ ಆಗುವುದಿಲ್ಲ, ಉಲ್ಟಾ ಸಣ್ಣಗಾಗುತ್ತದೆ. ನಿಜವಾದದ್ದರಲ್ಲಿ ಎರಡೂ ಅಕ್ಷರ ಉಬ್ಬಿ ದುಂಡಗಿರುತ್ತವೆ, ತುದಿಯಲ್ಲಿ ಸೀಳು ಕಾಣುತ್ತದೆ. ಅದುರಿದ್ದಕ್ಕೆ ಬೆಲೆ ಇಲ್ಲ.

ಕ್ಯಾಮಿಯೋ ಅಂತ ಬರೆದಿರುತ್ತಾರಲ್ಲ, ಅದಕ್ಕೆ ಅಷ್ಟು ಬೆಲೆ ಯಾಕೆ?

ಕನ್ನಡಿಯಂಥ ಕಪ್ಪು ಬಯಲು, ಅದರ ಮೇಲೆ ಮಂಜು ಹಿಡಿದಂಥ ಬಿಳಿ ಮುಖ. ಅದು ಕ್ಯಾಮಿಯೋ. ಆ ವ್ಯತ್ಯಾಸ ತುಂಬಾ ಜೋರಾಗಿದ್ದರೆ ಡೀಪ್ ಕ್ಯಾಮಿಯೋ ಅಥವಾ ಅಲ್ಟ್ರಾ ಕ್ಯಾಮಿಯೋ. ಎರಡೂ ಒಂದೇ. ನಾಣ್ಯ ಪರೀಕ್ಷಿಸಿ ಗ್ರೇಡ್ ಕೊಡುವ ಎರಡು ಸಂಸ್ಥೆಗಳಲ್ಲಿ ಪಿಸಿಜಿಎಸ್ ಒಂದು ಹೆಸರು ಹೇಳಿದರೆ ಎನ್‌ಜಿಸಿ ಇನ್ನೊಂದು ಹೇಳುತ್ತದೆ.

1950, 60ರ ದಶಕದಲ್ಲಿ ಅಚ್ಚನ್ನು ಆಮ್ಲದಲ್ಲಿ ಅದ್ದಿ ಆ ಮಂಜು ಬರಿಸುತ್ತಿದ್ದರು. ಆದರೆ ಮೊದಲ ಕೆಲವು ನಾಣ್ಯ ಹೊಡೆಯುವಷ್ಟರಲ್ಲೇ ಅದು ಸವೆದು ಹೋಗುತ್ತಿತ್ತು. ಉಳಿದ ನಾಣ್ಯಗಳು ಮುಖ, ಬಯಲು ಎಲ್ಲ ಒಂದೇ ಥರ ಹೊಳೆಯುತ್ತವೆ. ಹಾಗಾಗಿ 1950ರ ಫ್ರಾಂಕ್ಲಿನ್ ಹಾಫ್ ಡೀಪ್ ಕ್ಯಾಮಿಯೋ ಆಗಿ ಸಿಗುವುದು ತೀರಾ ದುರ್ಲಭ. 1970ರ ದಶಕದಲ್ಲಿ ಅಚ್ಚಿಗೆ ಕ್ರೋಮಿಯಂ ಲೇಪನ ಶುರುವಾದ ಮೇಲೆ ಮಂಜು ಬಹಳ ಹೊತ್ತು ನಿಂತಿತು. ಆ ದಶಕದ ಕೊನೆಯಿಂದ ಈಚೆಗಿನ ಸೆಟ್‌ಗಳಲ್ಲಿ ಡೀಪ್ ಕ್ಯಾಮಿಯೋ ಮಾಮೂಲು. ಅದಕ್ಕೆ ಅಂತ ಹೆಚ್ಚು ದುಡ್ಡು ಕೊಡಬೇಡಿ. 1968ಕ್ಕಿಂತ ಹಿಂದಿನದ್ದಾದರೆ ಕೊಡಬಹುದು.

ಎಸ್ ಇಲ್ಲದ ನಾಣ್ಯ ನಕಲಿ ಮಾಡಬಹುದಾ?

ಮಾಡ್ತಾರೆ. ಎರಡು ದಾರಿ ಇವೆ. ಒಂದು, ನಿಜವಾದ ಪ್ರೂಫ್‌ನಿಂದ ಎಸ್ ಕೆರೆದು ತೆಗೆಯುವುದು. ಪ್ರೂಫ್‌ನ ಕನ್ನಡಿ ಮೈ ಇಲ್ಲಿ ನಮ್ಮ ಕಡೆ. ಕೆರೆದ ಜಾಗ ಎಷ್ಟೇ ತಿಕ್ಕಿದರೂ ಸುತ್ತಲಿನ ಹಾಗೆ ಆಗುವುದಿಲ್ಲ. ದೀಪದ ಕೆಳಗೆ ನಾಣ್ಯವನ್ನು ನಿಧಾನಕ್ಕೆ ತಿರುಗಿಸಿದರೆ ಬೆಳಕು ಆ ಜಾಗದಲ್ಲಿ ಮುರಿಯುತ್ತದೆ.

ಎರಡನೆಯದು ಇನ್ನೂ ಸುಲಭ. 1968, 1970, 1975ರ ಫಿಲಡೆಲ್ಫಿಯಾ ಡೈಮ್‌ಗಳಿಗೆ ಮಿಂಟ್ ಮಾರ್ಕ್ ಇಲ್ಲವೇ ಇಲ್ಲ. 1971ರ ನಿಕ್ಕಲ್‌ಗೂ ಇಲ್ಲ. 1990ರ ಸೆಂಟ್‌ಗೂ ಇಲ್ಲ. ಅಂಥ ಮಾಮೂಲಿ ನಾಣ್ಯ ಒಂದನ್ನು ಪಳಪಳ ಹೊಳೆಸಿ ಪ್ರೂಫ್ ಅಂತ ಮಾರಬಹುದು. ಹೊಳಪಿನ ಕೆಳಗೆ ನೋಡಿ. ತಿಕ್ಕಿದ ನಾಣ್ಯದಲ್ಲಿ ಸಣ್ಣ ಗೀರುಗಳ ಜಾಲ ಇರುತ್ತದೆ, ಅಕ್ಷರದ ಅಂಚು ಮೊಂಡಾಗಿರುತ್ತದೆ. ಪ್ರೂಫ್‌ನ ಅಂಚು ಚೌಕಾಕಾರವಾಗಿ, ಚೂಪಾಗಿ ನಿಂತಿರುತ್ತದೆ. 1983ರ ಡೈಮ್‌ಗೆ ಈ ತೊಂದರೆ ಕಡಿಮೆ. ಆ ವರ್ಷ ಫಿಲಡೆಲ್ಫಿಯಾ ಡೈಮ್‌ಗೂ ಪಿ ಇತ್ತು.

ಸೀಲ್ ಒಡೆಯದ ಸೆಟ್ ಅಂದರೆ ನಂಬಬಹುದಾ?

ಪೂರ್ತಿ ನಂಬಬೇಡಿ. 1955ರಿಂದ 1964ರವರೆಗೆ ನಾಣ್ಯಗಳು ಚಪ್ಪಟೆ ಪ್ಲಾಸ್ಟಿಕ್ ಹಾಳೆಯಲ್ಲಿ, ಒಂದು ಲಕೋಟೆಯೊಳಗೆ ಬರುತ್ತಿದ್ದವು. ಲಕೋಟೆ ಅಂಟಿಸಿದೆ ಅಂದ ಮಾತ್ರಕ್ಕೆ ಯಾರೂ ತೆಗೆದು ನೋಡಿಲ್ಲ ಅಂತ ಅಲ್ಲ. 1968ರಿಂದ ಈಚೆಗಿನ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನೂ ಜೋಪಾನವಾಗಿ ಬಿಡಿಸಿ ಮತ್ತೆ ಜೋಡಿಸುವವರಿದ್ದಾರೆ.

ಸುಮ್ನೆ ಹಳೆ ಸೆಟ್ ಕೊಂಡು ಹುಡುಕುತ್ತಾ ಹೋದರೆ ಸಿಗುವ ಸಾಧ್ಯತೆ ಎಷ್ಟು?

ಲೆಕ್ಕ ಹಾಕೋಣ. 1990ರಲ್ಲಿ ಮಾಮೂಲಿ ಮತ್ತು ಪ್ರೆಸ್ಟೀಜ್ ಸೇರಿ ಸುಮಾರು 33 ಲಕ್ಷ ಸೆಟ್. ಎಸ್ ಇಲ್ಲದ ಸೆಂಟ್ ಸುಮಾರು 3,555. ಅಂದರೆ ಸುಮಾರು 930 ಸೆಟ್‌ಗೆ ಒಂದು. 1971ರಲ್ಲಿ 32,20,733 ಸೆಟ್‌ಗೆ 1,655, ಅಂದರೆ ಸುಮಾರು 1,950ಕ್ಕೆ ಒಂದು. ಆದರೆ ಇದು ಮೊದಲ ದಿನದ ಲೆಕ್ಕ. ಆಮೇಲೆ ಎಷ್ಟೋ ಜನ ಹುಡುಕಿ ತೆಗೆದಿದ್ದಾರೆ, ಆದ್ದರಿಂದ ಈಗ ಅವಕಾಶ ಇನ್ನೂ ಕಡಿಮೆ. ಇದಕ್ಕೇ ಅಂತ ರಾಶಿ ರಾಶಿ ಕೊಳ್ಳಬೇಡಿ. ಹೇಗೂ ಕೊಳ್ಳುವ ಸೆಟ್ ಬಂದಾಗ ತಪ್ಪದೆ ನೋಡಿ. ಯಾರ ಮನೆಯಲ್ಲಾದರೂ ಹಿರಿಯರು ಆ ಕಾಲದಲ್ಲೇ ತರಿಸಿ ಬೀರುವಿನಲ್ಲಿಟ್ಟ ಸೆಟ್‌ಗಳಿದ್ದರೆ, ಅವನ್ನು ನೋಡುವ ಅವಕಾಶ ಬಿಡಬೇಡಿ. ಕೈ ಬದಲಾಗದ ಸೆಟ್‌ಗಳಲ್ಲೇ ಆಸೆ ಜಾಸ್ತಿ.

ನಮ್ಮ ಅಜ್ಜ ಬಿಟ್ಟುಹೋದ 1970, 80ರ ದಶಕದ ಸೆಟ್‌ಗಳಿವೆ. ತುಂಬಾ ಬೆಲೆ ಬರುತ್ತಾ?

ಬೇಜಾರು ಮಾಡಿಕೊಳ್ಳಬೇಡಿ, ಹೆಚ್ಚಿನವಕ್ಕೆ ಬರುವುದಿಲ್ಲ. ವರ್ಷಕ್ಕೆ ಇಪ್ಪತ್ತು, ಮೂವತ್ತು ಲಕ್ಷ ಸೆಟ್ ಮಾಡಿದ್ದಾರೆ, ಬೆಳ್ಳಿಯೂ ಇಲ್ಲ. 1970ರವರೆಗಿನ ಹಾಫ್ ಡಾಲರ್‌ಗಳಲ್ಲಿ ಬೆಳ್ಳಿ ಇದೆ, 1992ರಿಂದ ಪ್ರತ್ಯೇಕ ಬೆಳ್ಳಿ ಸೆಟ್‌ಗಳು ಬಂದಿವೆ. ಮಾರುವ ಮೊದಲು ಒಂದು ಸಂಜೆ ಕೂತು ಮೇಲೆ ಹೇಳಿದ ವರ್ಷಗಳನ್ನು ಬೇರೆ ಮಾಡಿ ನೋಡಿ. ಅಷ್ಟಾದರೂ ಅಜ್ಜನಿಗೆ ಸಲ್ಲಬೇಕು, ಅಲ್ವಾ?

ನಾಣ್ಯದ ಮೇಲೆ ಮಬ್ಬು ಬಂದಿದೆ. ಒರೆಸಬಹುದಾ?

ಬೇಡ. ದಯವಿಟ್ಟು ಬೇಡ. ಮೆತ್ತನೆ ಬಟ್ಟೆಯೂ ಕನ್ನಡಿ ಮೈಗೆ ಗೀರು ಹಾಕುತ್ತದೆ, ಆ ಗೀರು ಮತ್ತೆ ಹೋಗುವುದಿಲ್ಲ.

ಮೆತ್ತನೆ ಪಿವಿಸಿ ಚೀಲದಲ್ಲಿಟ್ಟ ನಾಣ್ಯಕ್ಕೆ ಹಸಿರು ಜಿಗುಟು ಬರುತ್ತದೆ. ನನ್ನದೇ ಒಂದು 1957ರ ಹಾಫ್ ಹೀಗೆ ಕೆಡುತ್ತಿತ್ತು. ಶುದ್ಧ ಅಸಿಟೋನ್‌ನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟು, ಉಜ್ಜದೆ ತೆಗೆದು, ಗಾಳಿಗೆ ಒಣಗಿಸಿದೆ. ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬೇರೆ ಏನೇನೋ ಸೇರಿರುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಬೆಲೆ ಬಾಳುವ ನಾಣ್ಯವಾದರೆ ಇದನ್ನೂ ಮನೆಯಲ್ಲಿ ಮಾಡಬೇಡಿ.

1950ರಿಂದ 1955ರವರೆಗಿನ ಪೆಟ್ಟಿಗೆ ಸೆಟ್‌ಗಳಿದ್ದರೆ ಪಿನ್ ನೋಡಿ. ಆಗ ನಾಣ್ಯಗಳನ್ನು ಪುಟ್ಟ ಸೆಲ್ಲೋಫೇನ್ ಚೀಲಗಳಲ್ಲಿ ಹಾಕಿ, ಚೀಲಗಳನ್ನು ಸ್ಟೇಪಲ್ ಹೊಡೆದು ಸೇರಿಸುತ್ತಿದ್ದರು. ಆ ಪಿನ್ ತುಕ್ಕು ಹಿಡಿದು ನಾಣ್ಯಕ್ಕೆ ದಾಟುತ್ತದೆ.

ಬೆರಳಚ್ಚು ಬಿದ್ದರೆ?

ಅಂಚು ಹಿಡಿದು ಎತ್ತಿದರೆ ಬೀಳುವುದಿಲ್ಲ. ಮುಖದ ಮೇಲೆ ಬಿದ್ದದ್ದು ಕೆಲವು ತಿಂಗಳಲ್ಲಿ ಲೋಹಕ್ಕೆ ಇಳಿಯುತ್ತದೆ. ಸೆಂಟ್‌ನಲ್ಲಿ ಬಹಳ ಬೇಗ.

ಹೊಸ ಸೆಟ್‌ಗಳಲ್ಲಿ ಕೊಳ್ಳುವಂಥದ್ದು ಯಾವುದು?

2018ರ ಬೆಳ್ಳಿಯ ರಿವರ್ಸ್ ಪ್ರೂಫ್ ಸೆಟ್ ನನಗೆ ಇಷ್ಟ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ರೂಫ್ ಶುರುವಾಗಿ ಐವತ್ತು ವರ್ಷ ಆಗಿದ್ದಕ್ಕೆ ಮಾಡಿದ್ದು. ಇದರಲ್ಲಿ ಎಲ್ಲ ಉಲ್ಟಾ: ಬಯಲು ಮಂಜಾಗಿ, ಮುಖ ಕನ್ನಡಿಯಾಗಿ ಇರುತ್ತದೆ. 2019ರಲ್ಲಿ ಸೆಟ್ ಜೊತೆಗೆ ವೆಸ್ಟ್ ಪಾಯಿಂಟ್ ಟಂಕಸಾಲೆಯ ಡಬ್ಲ್ಯೂ ಗುರುತಿನ ಸೆಂಟ್ ಬೇರೆಯಾಗಿ ಕೊಟ್ಟರು. ಸಾಮಾನ್ಯ ಪ್ರೂಫ್ ಸೆಟ್ ಜೊತೆ ಪ್ರೂಫ್, ಬೆಳ್ಳಿ ಸೆಟ್ ಜೊತೆ ರಿವರ್ಸ್ ಪ್ರೂಫ್. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಆ ಸೆಂಟ್ ಇದೆಯಾ ಅಂತ ಕೇಳಿ. ಎಷ್ಟೋ ಸಲ ಅದನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಮಾರಿರುತ್ತಾರೆ.

ಆದರೆ ಬೆಲೆ ಬಿಸಿ ಏರಿರುವಾಗ ಯಾವುದನ್ನೂ ಕೊಳ್ಳಬೇಡಿ. 1999ರ ಬೆಳ್ಳಿ ಸೆಟ್‌ನಲ್ಲಿ ರಾಜ್ಯಗಳ ಕ್ವಾರ್ಟರ್ ಮೊದಲ ಸಲ ಬಂದವು, ಬೆಲೆ ಹಲವು ಪಟ್ಟು ಏರಿತು, ಆಮೇಲೆ ಇಳಿಯಿತು. ಮೇಲಿದ್ದಾಗ ಕೊಂಡವರು ಇನ್ನೂ ಇಟ್ಟುಕೊಂಡು ಕೂತಿದ್ದಾರೆ.

1990ರ ಎಸ್ ಇಲ್ಲದ ಸೆಂಟ್ ನನ್ನ ಸೆಟ್‌ನಲ್ಲಿ ಇದೆ ಅನ್ನಿಸ್ತಿದೆ. ಈಗ ಏನು ಮಾಡಲಿ?

ಮೊದಲು ಪೆಟ್ಟಿಗೆ ತೆರೆಯಬೇಡಿ. ಇಸವಿಯ ಕೆಳಗೆ ಲೂಪ್ ಇಟ್ಟು, ಬೆಳಕನ್ನು ಬೇರೆ ಬೇರೆ ಕಡೆಯಿಂದ ಬಿಟ್ಟು ನೋಡಿ. ಎಸ್ ಮಸುಕಾಗಿಯಾದರೂ ಇದ್ದರೆ ಅದು ಬೇರೆ ವಿಷಯ, ಪೂರ್ತಿ ಇಲ್ಲದಿರಬೇಕು. ಆಮೇಲೆ ಉಳಿದ ನಾಲ್ಕು ನಾಣ್ಯದ ಹೊಳಪಿನ ಜೊತೆ ಸೆಂಟ್‌ನ ಹೊಳಪು ಹೋಲಿಸಿ. ಒಂದೇ ಥರ ಇರಬೇಕು. ಪೆಟ್ಟಿಗೆ ಸಮೇತ ಎರಡೂ ಬದಿಯ ಫೋಟೋ ತೆಗೆಯಿರಿ.

ಇಷ್ಟು ಸರಿ ಬಂದರೆ ಪಿಸಿಜಿಎಸ್ ಅಥವಾ ಎನ್‌ಜಿಸಿಗೆ ಕಳಿಸಿ. ಅವರು ನಾಣ್ಯವನ್ನು ಪರೀಕ್ಷಿಸಿ, 70ರವರೆಗಿನ ಅಳತೆಯಲ್ಲಿ ಗ್ರೇಡ್ ಕೊಟ್ಟು, ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ಕಳಿಸುತ್ತಾರೆ. ವಿಮೆ ಮಾಡಿಸಿಯೇ ಕಳಿಸಿ. ಇಡೀ ಸೆಟ್ ಕಳಿಸಬೇಕಾಗಿಲ್ಲ, ಸೆಂಟ್ ಒಂದೇ ಸಾಕು. ಪೆಟ್ಟಿಗೆಯಿಂದ ಬಿಡಿಸಲು ಕೈ ನಡುಗಿದರೆ ಅನುಭವ ಇರುವ ಸಂಗ್ರಾಹಕರ ಕೈಯಲ್ಲಿ ನಿಮ್ಮ ಕಣ್ಣೆದುರೇ ಬಿಡಿಸಿ. ಉಳಿದ ನಾಲ್ಕು ನಾಣ್ಯ, ಖಾಲಿ ಪೆಟ್ಟಿಗೆ, ಹೊರಗಿನ ರಟ್ಟು ಎಲ್ಲ ಇಟ್ಟುಕೊಂಡಿರಿ.